ಗಣಿತ ಮೇಷ್ಟ್ರನ್ನು ಕೇಳಿ: ಆನ್‌ಲೈನ್ ತರಬೇತಿ ಮುಗಿಯಿತು, ಪಾಠ ಬದಲಾಯಿತಾ?

ಪ್ರಶ್ನೆ: ಸರ್, ನಾನು ಪ್ರೌಢಶಾಲೆಯಲ್ಲಿ ಗಣಿತ ಪಾಠ ಮಾಡುತ್ತೇನೆ. ಸರ್ಕಾರದ ದೀಕ್ಷಾ ಆ್ಯಪ್‌ನಲ್ಲಿ ಶಿಕ್ಷಕರಿಗೆ ಬಂದ ಕೋರ್ಸುಗಳನ್ನೆಲ್ಲ ಮುಗಿಸಿದ್ದೇನೆ, ಸರ್ಟಿಫಿಕೇಟುಗಳೂ ಇವೆ. ಆದರೆ ತರಗತಿಗೆ ಹೋದರೆ ಹಳೇ ಥರವೇ ಪಾಠ. ಮಳೆಗಾಲದಲ್ಲಂತೂ ನಮ್ಮ ಕಡೆ ಕರೆಂಟೂ ಇರಲ್ಲ, ನೆಟ್‌ವರ್ಕೂ ಇರಲ್ಲ. ಇದರಿಂದ ನಿಜಕ್ಕೂ ಉಪಯೋಗ ಇದೆಯಾ?
- ಒಬ್ಬ ಶಿಕ್ಷಕಿ, ಸಕಲೇಶಪುರ ತಾಲ್ಲೂಕು

ಉತ್ತರ: ನೆಟ್‌ವರ್ಕ್ ವಿಷಯ ಮೊದಲು ಮುಗಿಸಿಬಿಡೋಣ ಮೇಡಂ. ದೀಕ್ಷಾ ಆ್ಯಪ್‌ನಲ್ಲಿ ಪಾಠಗಳನ್ನು ಡೌನ್‌ಲೋಡ್ ಮಾಡಿ ಇಟ್ಟುಕೊಳ್ಳಬಹುದು. ಹಾಸನಕ್ಕೋ ಸಕಲೇಶಪುರ ಪೇಟೆಗೋ ಬಂದಾಗ ಇಳಿಸಿಕೊಳ್ಳಿ, ಮನೆಯಲ್ಲಿ ನಿಧಾನಕ್ಕೆ ನೋಡಿ.

ಇನ್ನು ಉಪಯೋಗದ ಮಾತು. ಸುಮ್ನೆ ವಿಡಿಯೊ ನೋಡಿದರೆ ಯಾರ ಪಾಠವೂ ಬದಲಾಗಲ್ಲ. ನೋಡಿದ್ದರಲ್ಲಿ ಒಂದೇ ಒಂದು ಪ್ರಶ್ನೆ ಆರಿಸಿಕೊಳ್ಳಿ, ಮುಂದಿನ ವಾರವೇ ಮಕ್ಕಳ ಮುಂದೆ ಇಡಿ, ಆಮೇಲೆ ಅವರು ಏನು ಬರೆದರು ಅಂತ ಕೂತು ಓದಿ. ದಶಮಾಂಶವನ್ನೇ ತೆಗೆದುಕೊಳ್ಳಿ. ಬೋರ್ಡಿನ ಮೇಲೆ ಎರಡು ಜೋಡಿ ಬರೆಯಿರಿ: 4.8 ಮತ್ತು 4.63, ಆಮೇಲೆ 5.736 ಮತ್ತು 5.62. ಪ್ರತಿ ಜೋಡಿಯಲ್ಲಿ ಯಾವುದು ದೊಡ್ಡದು ಅಂತ ಮಾತ್ರ ಕೇಳಿ, ನಿಯಮ ನೆನಪಿಸಬೇಡಿ.

ಕೆಲವರು 4.63 ದೊಡ್ಡದು ಅಂತ ಬರೆಯುತ್ತಾರೆ. 8ಕ್ಕಿಂತ 63 ದೊಡ್ಡದಲ್ವಾ, ಬಿಂದುವಿನ ಆಚೆ ಇರುವುದೂ ಪೂರ್ಣಸಂಖ್ಯೆಯೇ ಅಂತ ಅವರ ಲೆಕ್ಕ. ಅದೇ ಮಕ್ಕಳು ಎರಡನೇ ಜೋಡಿಗೆ 5.736 ಅಂತ ಸರಿಯುತ್ತರ ಕೊಡುತ್ತಾರೆ, ಕಾರಣ ಮಾತ್ರ ತಪ್ಪು. ಇನ್ನು ಕೆಲವರದ್ದು ಪೂರ್ತಿ ಉಲ್ಟಾ. ಮೊದಲನೆಯದಕ್ಕೆ 4.8 ಅಂತ ಸರಿಯಾಗಿ ಬರೆದು, ಎರಡನೆಯದಕ್ಕೆ 5.62 ದೊಡ್ಡದು ಅನ್ನುತ್ತಾರೆ. ನೂರನೇ ಪಾಲಿಗಿಂತ ಸಾವಿರದ ಪಾಲು ಚಿಕ್ಕದು ಅಂತ ನಾವೇ ಹೇಳಿರುತ್ತೇವೆ, ಹಾಗಾಗಿ ಅಂಕಿ ಜಾಸ್ತಿ ಇದ್ದಷ್ಟೂ ಸಂಖ್ಯೆ ಚಿಕ್ಕದು ಅಂದುಕೊಂಡಿದ್ದಾರೆ. ಮೊದಲ ಜೋಡಿ ಒಂದನ್ನೇ ಕೇಳಿದ್ದರೆ ಇವರಿಗೆ ಪೂರ್ತಿ ಅಂಕ ಕೊಟ್ಟು ಮುಂದಕ್ಕೆ ಹೋಗಿಬಿಡುತ್ತಿದ್ದಿರಿ.

ಇಬ್ಬರಿಗೂ ಒಂದೇ ಔಷಧಿ ನಡೆಯಲ್ಲ. ರೂಪಾಯಿ-ಪೈಸೆ ಉದಾಹರಣೆಯಂತೂ ಇಲ್ಲಿ ಕೈಕೊಡುತ್ತೆ, ಯಾಕೆಂದರೆ ಅಲ್ಲಿ ಬಿಂದುವಿನ ಆಚೆ ಎರಡೇ ಅಂಕಿ, ಮಗು ಅದನ್ನು ರೂಪಾಯಿ ಬೇರೆ, ಪೈಸೆ ಬೇರೆ ಅಂತ ಎರಡು ಸಂಖ್ಯೆಯಾಗಿ ಓದಿಕೊಳ್ಳುತ್ತೆ. ನಿಮ್ಮೂರಲ್ಲಿ ಮೆಣಸು ತೂಗುವ ಎಲೆಕ್ಟ್ರಾನಿಕ್ ತಕ್ಕಡಿ ಎಲ್ಲ ಮಕ್ಕಳೂ ನೋಡಿರುತ್ತಾರೆ. ಅದರಲ್ಲಿ 4.800, 4.630 ಅಂತ ಮೂರು ಅಂಕಿ ಬರುತ್ತೆ. ಅಲ್ಲಿಂದ ಶುರು ಮಾಡಿ, ಆಮೇಲೆ ಸಂಖ್ಯಾರೇಖೆಗೆ ಬನ್ನಿ. 4ಕ್ಕೂ 5ಕ್ಕೂ ನಡುವೆ ಹತ್ತು ಭಾಗ ಮಾಡಿ 4.63 ಎಲ್ಲಿ ಕೂರುತ್ತೆ ಅಂತ ಅವರೇ ತೋರಿಸಲಿ.

ಇನ್ನೊಂದು ಮಾತು. ಕೇಂದ್ರ ಸರ್ಕಾರ ಶಿಕ್ಷಕರಿಗೆ ಕೊಡುವ ನಿಷ್ಠಾ ತರಬೇತಿ 2019ರಲ್ಲಿ ಶುರುವಾದಾಗ ಮುಖಾಮುಖಿಯೇ ಇತ್ತು, ಕೋವಿಡ್ ಬಂದು 2020ರಲ್ಲಿ ಆನ್‌ಲೈನ್ ಆಯಿತು. ಮುಖಾಮುಖಿ ತರಬೇತಿಯಲ್ಲಿ ಭಾಷಣ ಬೋರು ಹೊಡೆದರೂ ಊಟದ ಹೊತ್ತಿಗೆ ಪಕ್ಕದ ಶಾಲೆಯವರ ಹತ್ತಿರ "ನಿಮ್ಮ ಮಕ್ಕಳೂ ಹೀಗೇ ಮಾಡ್ತಾರಾ?" ಅಂತ ಕೇಳಬಹುದಿತ್ತು. ಆನ್‌ಲೈನಿನಲ್ಲಿ ಹೋಗಿದ್ದು ಅದೇ. ಅದನ್ನು ನೀವೇ ಕಟ್ಟಿಕೊಳ್ಳಬೇಕು. ಮೂರು ನಾಲ್ಕು ಜನ ಗಣಿತದವರು ಸೇರಿ, ಇಂಥ ಉತ್ತರಗಳ ಫೋಟೊ ತೆಗೆದು ಮಗುವಿನ ಹೆಸರು ಮುಚ್ಚಿ ಹಂಚಿಕೊಳ್ಳಿ. ಆ ಗ್ರೂಪಿಗೆ ಗುಡ್ ಮಾರ್ನಿಂಗ್ ಹಾಕುವವರನ್ನು ಮಾತ್ರ ಸೇರಿಸಬೇಡಿ.

ಪ್ರಶ್ನೆ: ವರ್ಷಕ್ಕೆ 50 ಗಂಟೆ ತರಬೇತಿ ಆಗಬೇಕು ಅನ್ನುತ್ತಾರೆ. ಕೊನೆಯ ಕ್ವಿಜ್‌ನ ಉತ್ತರಗಳು ವಾಟ್ಸಾಪಿನಲ್ಲಿ ಬಂದುಬಿಡುತ್ತವೆ. ನೋಡಿ ಬರೆದರೆ ತಪ್ಪಾ?
- ಹೆಸರು ಬೇಡ, ಕಡೂರು

ಉತ್ತರ: ಮಕ್ಕಳು ನೋಡಿ ಬರೆದರೆ ನೀವು ಏನು ಮಾಡುತ್ತೀರಿ ಸರ್? 50 ಗಂಟೆಯ ಮಾತು 2020ರ ರಾಷ್ಟ್ರೀಯ ಶಿಕ್ಷಣ ನೀತಿಯಲ್ಲಿದೆ, ನಿಜ. ಶಿಕ್ಷಕರ ಸ್ವಂತ ಆಸಕ್ತಿಗೆ ತಕ್ಕ ಹಾಗೆ ಅಂತಲೂ ಅಲ್ಲೇ ಇದೆ. ಆ ಭಾಗವನ್ನು ಯಾಕೋ ಯಾರೂ ಜೋರಾಗಿ ಓದಲ್ಲ.

ಪ್ರಶ್ನೆ: ಈಗಷ್ಟೇ ಕೆಲಸಕ್ಕೆ ಸೇರಿದ್ದೇನೆ. ಕೇಂದ್ರ ಸರ್ಕಾರದ ಆನ್‌ಲೈನ್ ಕೋರ್ಸುಗಳ ಸ್ವಯಂ ಪೋರ್ಟಲಿನಲ್ಲಿ ಎಂಎಸ್ಸಿ ಮಟ್ಟದ ಬೀಜಗಣಿತದ ಕೋರ್ಸ್ ಮಾಡಿದರೆ ಹೈಸ್ಕೂಲಿನಲ್ಲಿ ಚೆನ್ನಾಗಿ ಪಾಠ ಮಾಡಬಹುದಾ?
- ಅರಸೀಕೆರೆ

ಉತ್ತರ: ಇಷ್ಟ ಇದ್ದರೆ ಖಂಡಿತ ಮಾಡಿ, ಗಣಿತ ಜಾಸ್ತಿ ಗೊತ್ತಿದ್ದರೆ ನಷ್ಟವಿಲ್ಲ. ಆದರೆ 9ನೇ ತರಗತಿಯ ಹುಡುಗ (a+b)² ಅಂದರೆ a²+b² ಅಂತ ಯಾಕೆ ಬರೆಯುತ್ತಾನೆ ಅನ್ನೋದು ಆ ಕೋರ್ಸಿನಲ್ಲಿ ಸಿಗಲ್ಲ. ವಿಷಯ ಗೊತ್ತಿರುವುದು ಬೇರೆ, ಆ ವಿಷಯ ಮಕ್ಕಳಿಗೆ ಎಲ್ಲಿ ತೊಡಕಾಗುತ್ತೆ ಅಂತ ಗೊತ್ತಿರುವುದು ಬೇರೆ ಅಂತ ಅಮೆರಿಕದ ಶಿಕ್ಷಣತಜ್ಞ ಲೀ ಶುಲ್ಮನ್ 1986ರಲ್ಲೇ ಬರೆದರು. ಮೊದಲ ವರ್ಷ ಈ ಎರಡನೆಯದಕ್ಕೆ ಸಮಯ ಕೊಡಿ.

ಪ್ರಶ್ನೆ: ಕಂಪ್ಯೂಟರಿನಲ್ಲಿ ಜ್ಯಾಮಿತಿಯ ಚಿತ್ರ ಬರೆಯುವ ಜಿಯೋಜೀಬ್ರಾ ಸಾಫ್ಟ್‌ವೇರ್ ಬಗ್ಗೆ ಆನ್‌ಲೈನ್ ತರಬೇತಿ ಆಯಿತು. ಶಾಲೆಯಲ್ಲಿ ಇರುವುದು ಒಂದು ಹಳೇ ಕಂಪ್ಯೂಟರ್, ಪ್ರೊಜೆಕ್ಟರ್ ಇಲ್ಲ, ಇಂಟರ್ನೆಟ್ಟೂ ಇಲ್ಲ. ಏನು ಮಾಡಲಿ?
- ಕೊಪ್ಪ

ಉತ್ತರ: ಜಿಯೋಜೀಬ್ರಾ ಉಚಿತ. ಒಮ್ಮೆ ಕಂಪ್ಯೂಟರಿಗೆ ಹಾಕಿಕೊಂಡರೆ ಇಂಟರ್ನೆಟ್ ಇಲ್ಲದೆಯೂ ನಡೆಯುತ್ತೆ. ಒಂದು ವೃತ್ತ, ಅದಕ್ಕೊಂದು ವ್ಯಾಸ AB ಎಳೆಯಿರಿ. C ಬಿಂದುವನ್ನು ವೃತ್ತಕ್ಕೆ ಅಂಟಿಸದೆ ಬಿಡಿಯಾಗಿ ಇಟ್ಟು, ACB ಕೋನ ಅಳೆಯಲು ಹಾಕಿ. ತರಬೇತಿಗಳಲ್ಲಿ C ಯನ್ನು ವೃತ್ತದ ಮೇಲೆ ಅಂಟಿಸಿಯೇ ತೋರಿಸುವುದು ಜಾಸ್ತಿ. ಆಗ C ಯನ್ನು ಮೌಸ್‌ನಿಂದ ಎಲ್ಲಿಗೆ ಎಳೆದರೂ 90 ಡಿಗ್ರಿ, ಮಕ್ಕಳಿಗೆ ಯೋಚಿಸುವ ಕೆಲಸವೇ ಇಲ್ಲ. ಬಿಡಿಯಾಗಿದ್ದರೆ ವೃತ್ತದ ಒಳಗೆ ಬಂದಾಗ ಕೋನ 90ಕ್ಕಿಂತ ಜಾಸ್ತಿ, ಹೊರಗೆ ಹೋದಾಗ ಕಡಿಮೆ, ವೃತ್ತದ ಗೆರೆಯ ಮೇಲೆ ಕೂತಾಗ ಮಾತ್ರ ಸರಿಯಾಗಿ 90. ಎಳೆಯುವ ಮುಂಚೆ ಏನಾಗಬಹುದು ಅಂತ ಅವರ ಬಾಯಿಂದಲೇ ಹೇಳಿಸಿ.

ಎಳೆದು ನೋಡಿದ್ದು ಸಾಧನೆ, ಅಂದರೆ ಗಣಿತದ ಪುರಾವೆ, ಆಗಲ್ಲ, ಅದಕ್ಕೆ ಬೋರ್ಡೇ ಬೇಕು. ಕೇಂದ್ರದಿಂದ C ಗೆ ಗೆರೆ ಎಳೆದರೆ ಎರಡು ಸಮದ್ವಿಬಾಹು ತ್ರಿಭುಜ ಬರುತ್ತವೆ, ಉಳಿದದ್ದು ಮಕ್ಕಳೇ ಮಾಡುತ್ತಾರೆ. ಪ್ರೊಜೆಕ್ಟರ್ ಚಿಂತೆ ಬಿಡಿ. ಏಳೆಂಟು ಮಕ್ಕಳು ಕಂಪ್ಯೂಟರಿನ ಮುಂದೆ ನಿಂತಿರುವಾಗ ಮಿಕ್ಕವರು ಹಾಳೆಯ ಮೇಲೆ ವೃತ್ತ ಬರೆದು ಕೋನಮಾಪಕದಲ್ಲಿ ಅಳೆಯುತ್ತಿರಲಿ. ಹಾಳೆಯಲ್ಲಿ 89, 91 ಅಂತಲೂ ಬರುತ್ತೆ, ಯಾಕೆ ಅಂತ ಕೇಳಿ.