ಕಾಲೇಜಿನಲ್ಲಿ ಬೇಡವೆಂದರೆ ಇನ್ನೆಲ್ಲಿ ಕಲಿಯಬೇಕು?

ಹಾಸನದ ಓದುಗರೊಬ್ಬರ ಪತ್ರ: 'ಕಾಲೇಜುಗಳಲ್ಲಿ ಮತ್ತೆ ವಿದ್ಯಾರ್ಥಿ ಚುನಾವಣೆ ನಡೆಸುವ ಮಾತು ಕೇಳಿಬರುತ್ತಿದೆ. ನನ್ನ ಮಗಳು ಡಿಗ್ರಿ ಓದುತ್ತಿದ್ದಾಳೆ. ಮಕ್ಕಳು ಓದಿಕೊಳ್ಳಲಿ, ರಾಜಕೀಯ ಆಮೇಲೆ ನೋಡಿಕೊಂಡರಾಯಿತು. ನಮ್ಮ ಕಾಲದ ಹೊಡೆದಾಟ ಮರೆತಿರಾ?'

ಸಂಪಾದಕರ ಉತ್ತರ:

ಮರೆತಿಲ್ಲ ಸಾರ್. ಸೈಕಲ್ ಚೈನು, ಜಾತಿ ಗುಂಪು, ಪುಢಾರಿಗಳ ದುಡ್ಡು ಎಲ್ಲ ಇತ್ತು. ತಂದೆಯಾಗಿ ನಿಮ್ಮ ಆತಂಕ ಸಹಜ.

ಆದರೆ ಇದನ್ನೂ ನೋಡಿ. 1989ರ ಮಾರ್ಚಿನಲ್ಲಿ ಮತದಾನದ ವಯಸ್ಸು 21ರಿಂದ 18ಕ್ಕೆ ಇಳಿಯಿತು. ಅದರ ಆಸುಪಾಸಿನಲ್ಲೇ ನಮ್ಮ ರಾಜ್ಯದಲ್ಲಿ ಕಾಲೇಜು ಚುನಾವಣೆಗೆ ಬೀಗ ಬಿತ್ತು. ದೆಹಲಿಯ ಸರ್ಕಾರ ಬದಲಿಸಲು ಓಟು ಹಾಕುವ ಹುಡುಗಿ, ಹಾಸ್ಟೆಲಿನ ನೀರಿನ ಬಗ್ಗೆ ಕೇಳಲು ಒಬ್ಬ ಪ್ರತಿನಿಧಿಯನ್ನು ಆರಿಸುವಂತಿಲ್ಲ. ಇದು ನ್ಯಾಯವಾ?

ಹೊಡೆದಾಟ ತಡೆಯಲು ದಾರಿ ಇಲ್ಲದೇ ಇಲ್ಲ. ಕಾಲೇಜು ಚುನಾವಣೆ ಹೇಗೆ ನಡೆಯಬೇಕೆಂದು ಸೂಚಿಸಲು ನೇಮಿಸಿದ್ದ ಲಿಂಗ್ಡೊ ಸಮಿತಿ 2006ರಲ್ಲೇ ಹೇಳಿತ್ತು: ಅಭ್ಯರ್ಥಿಯ ಖರ್ಚು 5,000 ರೂಪಾಯಿ ಮೀರಬಾರದು, ಅಚ್ಚು ಹಾಕಿಸಿದ ಪೋಸ್ಟರ್ ಕೂಡದು, ಪಕ್ಷಗಳ ದುಡ್ಡು ಮುಟ್ಟಬಾರದು, ಶೇ. 75 ಹಾಜರಿ ಇರಬೇಕು. ಸುಪ್ರೀಂ ಕೋರ್ಟು ಇದನ್ನು ಪಾಲಿಸಿ ಎಂದಿತು. ನಾವು ಬೀಗವನ್ನೇ ನೆಚ್ಚಿಕೊಂಡೆವು.

ಹರೆಯದವರನ್ನು ಕಡಿಮೆ ಅಂದಾಜು ಮಾಡಬೇಡಿ. 2012ರಲ್ಲಿ ಮಹಾರಾಷ್ಟ್ರದ ಪಾಲ್ಘರ್‌ನಲ್ಲಿ ಮುಂಬೈ ಬಂದ್ ಬಗ್ಗೆ ಫೇಸ್‌ಬುಕ್ಕಿನಲ್ಲಿ ಬರೆದ ಯುವತಿಯನ್ನೂ ಅದನ್ನು ಲೈಕ್ ಮಾಡಿದ ಗೆಳತಿಯನ್ನೂ ಪೊಲೀಸರು ಬಂಧಿಸಿದರು. ಇದನ್ನು ಸಹಿಸದೆ ಸುಪ್ರೀಂ ಕೋರ್ಟಿಗೆ ಹೋದ ಶ್ರೇಯಾ ಸಿಂಘಾಲ್ ಆಗಿನ್ನೂ ಎಳೆಯ ಹುಡುಗಿ. ಆನ್‌ಲೈನ್‌ನಲ್ಲಿ ಬರೆದದ್ದಕ್ಕೆ ಜನರನ್ನು ಬಂಧಿಸಲು ಬಳಕೆಯಾಗುತ್ತಿದ್ದ ಐಟಿ ಕಾಯ್ದೆಯ 66ಎ ಕಲಂ 2015ರಲ್ಲಿ ಆ ಕೋರ್ಟಿನಲ್ಲಿ ಬಿದ್ದುಹೋಯಿತು. ನೀವೂ ನಾನೂ ಇವತ್ತು ಫೋನಿನಲ್ಲಿ ಸರ್ಕಾರವನ್ನು ಟೀಕಿಸುತ್ತೇವಲ್ಲ, ಆ ಧೈರ್ಯದಲ್ಲಿ ಅವರ ಪಾಲಿದೆ.

ನಮ್ಮ ಕಚೇರಿಗೆ ಕೆಲಸ ಕಲಿಯಲು ಬರುವ ಪದವೀಧರರು ಜಾಣರು. ಆದರೆ ಹತ್ತು ರೂಪಾಯಿಗೆ ಮಾಹಿತಿ ಹಕ್ಕಿನ ಅರ್ಜಿ ಹಾಕಬಹುದು, ಗ್ರಾಮಸಭೆಯಲ್ಲಿ ಎದ್ದು ನಿಂತು ಲೆಕ್ಕ ಕೇಳಬಹುದು ಅಂದರೆ ಕಣ್ಣರಳಿಸುತ್ತಾರೆ. ಎದುರಾಳಿಯ ಮಾತು ಕೇಳಿಸಿಕೊಳ್ಳುವುದು, ಸೋತ ಮೇಲೂ ಗೆದ್ದವರ ಜೊತೆ ಕೆಲಸ ಮಾಡುವುದು, ಇದಕ್ಕೆಲ್ಲ ರೂಢಿ ಬೇಕಲ್ವಾ?

ಆಮೇಲೆ ನೋಡಿಕೊಳ್ಳಲಿ ಅಂತೀರಿ. ಎಲ್ಲಿ? 21 ತುಂಬಿದವರು ಪಂಚಾಯಿತಿಗೂ ಪಾಲಿಕೆಗೂ ನಿಲ್ಲಬಹುದು. ಆದರೆ ಬೆಂಗಳೂರು ಪಾಲಿಕೆಯ ಅವಧಿ 2020ರಲ್ಲಿ, ಜಿಲ್ಲಾ ಮತ್ತು ತಾಲ್ಲೂಕು ಪಂಚಾಯಿತಿಗಳದ್ದು 2021ರಲ್ಲಿ ಮುಗಿಯಿತು. ಆಮೇಲೆ ವರ್ಷಗಟ್ಟಲೆ ಅಧಿಕಾರಿಗಳದ್ದೇ ಆಡಳಿತ. ಕ್ಷೇತ್ರ ವಿಂಗಡಣೆ, ಮೀಸಲಾತಿ ಪಟ್ಟಿ, ಕೋರ್ಟು ಎಂದು ಸರ್ಕಾರಗಳು ದಿನ ದೂಡಿದವು. ಪಕ್ಷ ಬದಲಾದರೂ ಚಾಳಿ ಬದಲಾಗಲಿಲ್ಲ. ನಿಮ್ಮ ಸಿಟ್ಟು ಅಲ್ಲಿಗೆ ಹರಿಯಬೇಕಿತ್ತು ಸಾರ್, ಕಾಲೇಜಿನ ಮತಪೆಟ್ಟಿಗೆಯ ಮೇಲಲ್ಲ.

ಅಂದಹಾಗೆ, ನಿಮ್ಮ ಮಗಳು ಏನನ್ನುತ್ತಾರೆ? ಅವರೇ ಬರೆಯಲಿ. ನಿಮ್ಮ ಪಕ್ಷ ವಹಿಸಿದರೂ ಸರಿ, ಒಂದಕ್ಷರ ಕತ್ತರಿಸದೆ ಅಚ್ಚು ಹಾಕುತ್ತೇವೆ.