ಅಮೆರಿಕದಲ್ಲಿ ಬಂದೂಕು ವ್ಯಾಪಾರಿಯ ಪರವಾನಗಿಯನ್ನು ತಯಾರಕರ ಪರವಾನಗಿಯಾಗಿ ಬದಲಾಯಿಸಿಕೊಳ್ಳಬಹುದೇ?

ಇಲ್ಲ, ಹೊಸ ಅರ್ಜಿಯನ್ನೇ ಹಾಕಬೇಕು. ಬಂದೂಕು ಪರವಾನಗಿಗಳನ್ನು ನೋಡಿಕೊಳ್ಳುವ ಕೇಂದ್ರ ಸಂಸ್ಥೆ ಎಟಿಎಫ್‌ನ ಲೆಕ್ಕದಲ್ಲಿ ಇವು ಮೇಲಿನ ಮೆಟ್ಟಿಲು, ಕೆಳಗಿನ ಮೆಟ್ಟಿಲು ಅಲ್ಲ. ಎರಡು ಬೇರೆ ಕಸುಬುಗಳು. ಪರವಾನಗಿ ಸಂಖ್ಯೆಯ ನಡುವೆಯೇ ವ್ಯಾಪಾರಿಗೆ 01, ತಯಾರಕರಿಗೆ 07 ಎಂಬ ಅಂಕಿ ಇರುತ್ತದೆ. ಹಾಗಾಗಿ ಕಸುಬು ಬದಲಾದರೆ ಸಂಖ್ಯೆಯೂ ಬದಲಾಗುತ್ತದೆ.

ಶುಲ್ಕ ಮೂರು ವರ್ಷಕ್ಕೆ 150 ಡಾಲರ್. ತಯಾರಕರ ಪರವಾನಗಿಯಲ್ಲಿ ಬಂದೂಕು ಮಾರಾಟಕ್ಕೂ ಅನುಮತಿ ಇರುವುದರಿಂದ ಹಳೆಯದನ್ನು ಉಳಿಸಿಕೊಳ್ಳಬೇಕಾಗಿಲ್ಲ. ಆದರೆ ಹೊಸದು ಕೈಸೇರುವವರೆಗೆ ದಯವಿಟ್ಟು ಹಳೆಯದನ್ನು ಬಿಟ್ಟುಕೊಡಬೇಡಿ, ವ್ಯಾಪಾರವೇ ನಿಂತುಹೋಗುತ್ತದೆ.

ನಿಮಗೆ ಇದು ನಿಜಕ್ಕೂ ಬೇಕೇ ಎಂಬುದನ್ನು ಮೊದಲು ನೋಡಿ. ಗ್ರಾಹಕರು ತಂದ ಬಂದೂಕನ್ನು ರಿಪೇರಿ ಮಾಡಿ ಅವರಿಗೇ ಮರಳಿಸಲು ವ್ಯಾಪಾರಿಯ ಪರವಾನಗಿ ಸಾಕು. ಬಿಡಿಭಾಗಗಳನ್ನು ತರಿಸಿ, ಜೋಡಿಸಿ, ಮಾರುವುದನ್ನೇ ಕಸುಬು ಮಾಡಿಕೊಂಡರೆ ಅದು ತಯಾರಿಕೆ. ಆಗ ಹೊಣೆಯೂ ಬೆಳೆಯುತ್ತದೆ. ಪ್ರತಿ ಬಂದೂಕಿನ ಮೇಲೆ ಕ್ರಮಸಂಖ್ಯೆಯನ್ನು ಕನಿಷ್ಠ 0.003 ಇಂಚು ಆಳ, 1/16 ಇಂಚು ಎತ್ತರದಲ್ಲಿ ಕೊರೆಯಬೇಕು. ಅಪರಾಧದ ಸ್ಥಳದಲ್ಲಿ ಸಿಕ್ಕ ಬಂದೂಕಿನ ಜಾಡು ಹಿಡಿಯುವವರು ಹೊರಡುವುದು ಆ ಸಂಖ್ಯೆಯಿಂದ, ಮೊದಲು ತಟ್ಟುವುದು ತಯಾರಕರ ಬಾಗಿಲನ್ನು. ಆದ್ದರಿಂದ ಇಲ್ಲಿ ಉದಾಸೀನ ಸಲ್ಲದು. ತಯಾರಿಕೆಯ ವಾರ್ಷಿಕ ವರದಿಯನ್ನೂ ಸಲ್ಲಿಸಬೇಕು. ವರ್ಷಕ್ಕೆ 50 ಅಥವಾ ಹೆಚ್ಚು ಬಂದೂಕು ತಯಾರಿಸಿದರೆ ಕೈಬಂದೂಕುಗಳಿಗೆ ಶೇ 10, ಉಳಿದವಕ್ಕೆ ಶೇ 11 ಅಬಕಾರಿ ಸುಂಕವಿದೆ.