ಹಾಡಿನ ಫೈಲ್‌ಗಳಲ್ಲಿರುವ ಟ್ಯಾಗ್ ಅಳಿಸಬೇಕಾ, ಇಟ್ಟುಕೊಳ್ಳಬೇಕಾ?

ನಿಮ್ಮ ಪ್ರಶ್ನೆ ಇಷ್ಟು ಅಲ್ವಾ: ಸಾವಿರಾರು ಎಂಪಿ3 ಹಾಡುಗಳಿವೆ, ಫೈಲ್ ಹೆಸರಲ್ಲೇ ಹಾಡಿನ ಹೆಸರೂ ಇದೆ. ಆದರೂ ಕಾರಿನ ಸ್ಟೀರಿಯೋದಲ್ಲಿ ಯಾವುದೋ ವೆಬ್‌ಸೈಟಿನ ಹೆಸರು ಓಡುತ್ತದೆ, ಕೆಲವು ಕಡೆ ಬರೀ ಚೌಕಗಳು ಬರುತ್ತವೆ, ಹಾಡುಗಳ ಸಾಲೂ ಅಡ್ಡಾದಿಡ್ಡಿ. ಗೆಳೆಯರು ಟ್ಯಾಗ್ (ಹಾಡಿನ ಹೆಸರು, ಹಾಡಿದವರು, ಆಲ್ಬಮ್ ಅಂತ ಫೈಲಿನ ಒಳಗೇ ಬರೆದಿಟ್ಟಿರುವ ವಿವರ) ಪೂರ್ತಿ ಅಳಿಸಿಬಿಡು ಅಂದಿದ್ದಾರೆ. ಅಳಿಸಲಾ ಅಂತ ಕೇಳಿದ್ದೀರಿ.

ಅಳಿಸಬೇಡಿ. ಅದರಲ್ಲಿರುವ ಕಸ ತೆಗೆಯಿರಿ, ಟ್ಯಾಗ್ ಇರಲಿ.

ನಾನು ಹಾಸನದವನು. ಮನೆಯಲ್ಲಿದ್ದ ಹಳೇ ಕ್ಯಾಸೆಟ್‌ಗಳನ್ನು, ನೆಂಟರು ತಂದುಕೊಟ್ಟವನ್ನು ಕಂಪ್ಯೂಟರಿಗೆ ಇಳಿಸುತ್ತಾ ಇರುತ್ತೇನೆ. ಸಕಲೇಶಪುರ ದಾಟಿ ಶಿರಾಡಿ ಘಾಟಿ ಇಳಿಯುವಾಗ ನೆಟ್‌ವರ್ಕ್ ಕೈಕೊಡುವುದರಿಂದ ನಮ್ಮ ಕಡೆ ಪೆನ್‌ಡ್ರೈವ್ ಇನ್ನೂ ಚಾಲ್ತಿಯಲ್ಲಿದೆ. ಹಾಗಾಗಿ ನಿಮ್ಮ ತಲೆನೋವು ನನಗೂ ಹೊಸದಲ್ಲ.

"ಹೆಸರು ಫೈಲ್ ಮೇಲೇ ಇದೆಯಲ್ಲ, ಟ್ಯಾಗ್ ಯಾಕೆ" ಅನ್ನುವ ಮಾತನ್ನೇ ಮೊದಲು ನೋಡೋಣ. ಫೈಲ್ ಹೆಸರು ನೀವು ಅಂದುಕೊಂಡಷ್ಟು ಗಟ್ಟಿಯಲ್ಲ. ಒಂದು ಹಾಡನ್ನು ವಾಟ್ಸಾಪ್‌ನಲ್ಲಿ ಆಡಿಯೋ ಆಗಿ ಕಳಿಸಿ ನೋಡಿ. ಆಂಡ್ರಾಯ್ಡ್ ಫೋನಿಗೆ ಅದು ತಲುಪುವ ಹೊತ್ತಿಗೆ ನೀವಿಟ್ಟ ಹೆಸರು ಹೋಗಿ, "ಎಯುಡಿ" ಅಂತ ಶುರುವಾಗಿ ತಾರೀಖು, ಮುಂದೊಂದು ನಂಬರ್ ಬಂದಿರುತ್ತದೆ. ನಾಳೆ ಇನ್ಯಾರೋ ಅದನ್ನು ಬೇರೆ ಫೋಲ್ಡರಿಗೆ ಹಾಕುತ್ತಾರೆ. ಅಲ್ಲಿಗೆ ಫೋಲ್ಡರಿನ ಹೆಸರೂ ಹೋಯಿತು. ಒಳಗಿನ ಟ್ಯಾಗ್ ಮಾತ್ರ ಹಾಡಿನ ಜೊತೆಗೇ ಹೋಗುತ್ತದೆ. ಕನ್ನಡದಲ್ಲಿ ಹೆಸರಿಡುವವರಿಗೆ ಇನ್ನೊಂದು ತೊಡಕಿದೆ. ಲಿನಕ್ಸ್‌ನ ಇಎಕ್ಸ್‌ಟಿ4 ಅನ್ನುವ ಬಗೆಯ ಡಿಸ್ಕಿನಲ್ಲಿ ಫೈಲ್ ಹೆಸರಿಗೆ 255 ಬೈಟ್ ಮಾತ್ರ ಜಾಗ. ಅಕ್ಷರಗಳನ್ನು ಕಂಪ್ಯೂಟರಿನಲ್ಲಿ ಬರೆದಿಡುವ ಯುಟಿಎಫ್-8 ಪದ್ಧತಿಯಲ್ಲಿ ಕನ್ನಡದ ಒಂದೊಂದು ಚಿಹ್ನೆಗೂ 3 ಬೈಟ್ ಬೇಕು. ಅಂದರೆ 85 ಚಿಹ್ನೆ. ಒಂದು "ಕ್ಷ" ಬರೆದರೆ ಅದೇ 3 ಚಿಹ್ನೆ ನುಂಗುತ್ತದೆ. ಹಾಡು, ಹಾಡಿದವರು, ರಾಗ, ಕಚೇರಿ ನಡೆದ ಊರು ಎಲ್ಲ ಅದರಲ್ಲಿ ತುರುಕಲು ಆಗುವುದಿಲ್ಲ.

ಜಾಗ ಉಳಿಸೋಕೆ ಅಳಿಸುತ್ತೇನೆ ಅಂದರೆ ಅದರಲ್ಲೂ ಅರ್ಥವಿಲ್ಲ. 128 ಕೆಬಿಪಿಎಸ್‌ನ 5 ನಿಮಿಷದ ಹಾಡು ಹೆಚ್ಚುಕಮ್ಮಿ 4.8 ಎಂಬಿ ಇರುತ್ತದೆ. ಅಕ್ಷರದ ಟ್ಯಾಗ್ ಎಲ್ಲ ಸೇರಿ ಒಂದೆರಡು ಕೆಬಿ. ತೂಕ ಇರುವುದು ಒಳಗೆ ಅಂಟಿಸಿರುವ ಕವರ್ ಚಿತ್ರಕ್ಕೆ. ಅದು ಕೆಲವೊಮ್ಮೆ ಒಂದೆರಡು ಎಂಬಿ ದಾಟಿರುತ್ತದೆ, ಒಂದೇ ಆಲ್ಬಮ್‌ನ ಅಷ್ಟೂ ಹಾಡಿಗೆ ಮತ್ತೆ ಮತ್ತೆ. ಚಿತ್ರ ಚಿಕ್ಕದು ಮಾಡಿ, ಸಾಕು. ಟ್ಯಾಗ್ ಮುಟ್ಟಿದರೆ ಧ್ವನಿ ಕೆಡುತ್ತದೆ ಅನ್ನುವುದೂ ಸುಮ್ನೆ ಹೆದರಿಕೆ. ಹಾಡಿನ ಭಾಗ ಬೇರೆ, ಟ್ಯಾಗಿನ ಭಾಗ ಬೇರೆ.

ಚೌಕ, ಸೊಟ್ಟ ಅಕ್ಷರ ಯಾಕೆ ಬರುತ್ತವೆ ಅಂದರೆ, ಒಂದೇ ಎಂಪಿ3 ಒಳಗೆ ಎರಡು ಟ್ಯಾಗ್ ಕೂತಿರಬಹುದು. ಎಂಪಿ3ಯಲ್ಲಿ ಟ್ಯಾಗ್ ಬರೆಯುವ ಪದ್ಧತಿಗೆ ಐಡಿ3 ಅಂತ ಹೆಸರು. 1996ರಲ್ಲಿ ಬಂದ ಹಳೇ ಐಡಿ3, ಫೈಲಿನ ಬಾಲದಲ್ಲಿರುವ 128 ಬೈಟ್. ಹಾಡಿನ ಹೆಸರಿಗೆ 30, ಹಾಡಿದವರಿಗೆ 30, ಆಲ್ಬಮ್‌ಗೆ 30. ಅದು ಇಂಗ್ಲಿಷ್‌ನಂಥ ಅಕ್ಷರಗಳಿಗೆ ಮಾಡಿದ್ದು, ಕನ್ನಡ ಅದರ ಲೆಕ್ಕದಲ್ಲೇ ಇರಲಿಲ್ಲ. ಸಂಗೀತದ ಬಗೆ ಹೇಳಲು ಮೊದಲು ಕೊಟ್ಟ 80ರ ಪಟ್ಟಿಯಲ್ಲಿ ಪೋಲ್ಕಾ ಇತ್ತು, ಕರ್ನಾಟಕ ಸಂಗೀತ ಇರಲಿಲ್ಲ! 1998ರಲ್ಲಿ ಎರಡನೇ ಐಡಿ3 ಬಂದು ಫೈಲಿನ ತಲೆಯಲ್ಲಿ ಕೂತಿತು. ಅದರಲ್ಲಿ ಯೂನಿಕೋಡ್ ಕನ್ನಡ ಧಾರಾಳವಾಗಿ ಬರೆಯಬಹುದು. ನೀವು ಒಂದನ್ನು ತಿದ್ದುತ್ತೀರಿ, ಸ್ಟೀರಿಯೋ ಇನ್ನೊಂದನ್ನು ಓದುತ್ತದೆ. ವೆಬ್‌ಸೈಟಿನ ಹೆಸರು ಎಷ್ಟು ತಿದ್ದಿದರೂ ಮತ್ತೆ ಮತ್ತೆ ಬರುವುದು ಹೆಚ್ಚಾಗಿ ಇದರಿಂದಲೇ. ಯೂನಿಕೋಡ್‌ಗೆ ಮೊದಲಿನ ನುಡಿ, ಬರಹ ಫಾಂಟಿನಲ್ಲಿ ಯಾರೋ ಟೈಪ್ ಮಾಡಿದ್ದರೆ ಇಂಗ್ಲಿಷ್ ಅಕ್ಷರದ ತಲೆ ಮೇಲೆ ಚುಕ್ಕಿ, ಗೆರೆ ಬಂದಂತೆ ಕಾಣುತ್ತದೆ. ಅದನ್ನು ಮತ್ತೆ ಬರೆಯಿರಿ ಅಥವಾ ಯೂನಿಕೋಡ್‌ಗೆ ಪರಿವರ್ತಿಸಿ. ಇನ್ನು ಚೌಕ ಬಂದರೆ ಆ ಸ್ಟೀರಿಯೋದಲ್ಲಿ ಕನ್ನಡ ಫಾಂಟ್ ಇಲ್ಲ ಅಂತ. ತಪ್ಪು ಡಬ್ಬಿಯದು, ಹಾಡಿನದಲ್ಲ.

ನಮ್ಮ ಸಂಗೀತಕ್ಕೆ ಟ್ಯಾಗ್ ಯಾಕೆ ಇನ್ನೂ ಜಾಸ್ತಿ ಬೇಕು ಅಂತ ಒಂದು ಕ್ಯಾಸೆಟ್ ಇಟ್ಟುಕೊಂಡೇ ಹೇಳುತ್ತೇನೆ. ಅರಕಲಗೂಡು ತಾಲೂಕಿನ ರುದ್ರಪಟ್ಟಣ ಗೊತ್ತಲ್ಲ, ಆರ್.ಕೆ. ಶ್ರೀಕಂಠನ್ ಅವರ ಊರು. ನಮ್ಮ ಜಿಲ್ಲೆಯ ಸಂಗೀತದ ಮನೆಗಳಲ್ಲಿ ಅವರ ಹಾಡುಗಾರಿಕೆಯ ಕ್ಯಾಸೆಟ್ ಹುಡುಕಿದರೆ ಸಿಗುತ್ತದೆ. ನನ್ನ ಹತ್ತಿರ ಬಂದದ್ದು ರೇಡಿಯೋದಿಂದ ಹಿಡಿದಿಟ್ಟ ಖಾಲಿ ಕ್ಯಾಸೆಟ್. ಒಳಗಿನ ರಟ್ಟಿನ ಮೇಲೆ ನೀಲಿ ಇಂಕಿನಲ್ಲಿ ರಾಗ, ತಾಳ, ಪಿಟೀಲು ಯಾರು, ಮೃದಂಗ ಯಾರು ಅಂತ ಚಿಕ್ಕ ಅಕ್ಷರದಲ್ಲಿ ಬರೆದಿದ್ದಾರೆ. ಬಿ ಸೈಡಿನಲ್ಲಿ ಒಂದು ಸಾಲಿಗೆ ರಾಗದ ಹೆಸರು ಹೊಡೆದು ಬೇರೆ ಬರೆದು, ಅದರ ಪಕ್ಕ ಒಂದು ಪ್ರಶ್ನಾರ್ಥಕ ಚಿಹ್ನೆ. ಇದನ್ನೆಲ್ಲ "ಟ್ರ್ಯಾಕ್ 07" ಅಂತ ಸೇವ್ ಮಾಡಿದರೆ ಆ ರಟ್ಟು ಬರೆದವರ ಅಷ್ಟೂ ಶ್ರಮ ನೀರಿಗೆ ಹಾಕಿದ ಹಾಗೆ. ನಾನು ಪ್ರಶ್ನಾರ್ಥಕ ಚಿಹ್ನೆಯನ್ನೂ ಕಾಮೆಂಟ್ ಜಾಗದಲ್ಲಿ ಹಾಗೇ ಇಟ್ಟಿದ್ದೇನೆ.

ದಾಸರ ಪದಗಳ ವಿಷಯದಲ್ಲಂತೂ ರಾಗ ಬರೆಯಲೇಬೇಕು. ಅವುಗಳ ಮೂಲ ಮಟ್ಟು ಬಹುಪಾಲು ಉಳಿದಿಲ್ಲ. ಅದೇ ದೇವರನಾಮವನ್ನು ಒಬ್ಬರು ಒಂದು ರಾಗದಲ್ಲಿ, ಇನ್ನೊಬ್ಬರು ಇನ್ನೊಂದರಲ್ಲಿ ಹಾಡುತ್ತಾರೆ. ಹಾಡಿನ ಹೆಸರೊಂದೇ ಇದ್ದರೆ ನಿಮಗೆ ಬೇಕಾದ್ದು ಯಾವುದು ಅಂತ ತಿಳಿಯುವುದಿಲ್ಲ. ಐಡಿ3ಯಲ್ಲಿ ರಾಗಕ್ಕೆ ಅಂತಲೇ ಒಂದು ಜಾಗ ಇಲ್ಲ. ನಾನು ಹಾಡಿನ ಹೆಸರಿನ ಮುಂದೆಯೇ ಒಂದು ಗೆರೆ ಹಾಕಿ ರಾಗ ಬರೆಯುತ್ತೇನೆ. "ಕಲ್ಯಾಣಿ" ಅಂತ ಹುಡುಕಿದರೆ ಇರುವ ಕಲ್ಯಾಣಿಯೆಲ್ಲ ಸಾಲಾಗಿ ಬರುತ್ತದೆ.

ಭಾವಗೀತೆಯಲ್ಲಿ ಕಥೆ ಬೇರೆ. ನಮ್ಮ ಚನ್ನರಾಯಪಟ್ಟಣದ ಸಿ. ಅಶ್ವತ್ಥ್ ಹಾಡಿದ ಶರೀಫರ ತತ್ವಪದ ತೆಗೆದುಕೊಳ್ಳಿ. ಹಾಡಿದವರು ಅಶ್ವತ್ಥ್, ಬರೆದವರು ಶರೀಫರು. ಡೌನ್‌ಲೋಡ್ ಮಾಡಿದ ಫೈಲ್‌ಗಳಲ್ಲಿ ಕವಿಯ ಹೆಸರು ಹೆಚ್ಚಾಗಿ ಇರುವುದೇ ಇಲ್ಲ. ಐಡಿ3ಯಲ್ಲಿ ಸಾಹಿತ್ಯ ಬರೆದವರಿಗೆ, ಸಂಗೀತ ಹಾಕಿದವರಿಗೆ, ಹಾಡಿದವರಿಗೆ ಬೇರೆ ಬೇರೆ ಜಾಗವಿದೆ, ಯಾರೂ ತುಂಬುವುದಿಲ್ಲ ಅಷ್ಟೇ. ಹೆಸರನ್ನು ಒಂದೇ ರೀತಿ ಬರೆಯುವುದು ಮುಖ್ಯ. ಅಶ್ವತ್ಥ್, ಅಶ್ವಥ್, ಸಿ ಅಶ್ವತ್ಥ್ ಅಂತ ಒಂದೊಂದು ಕಡೆ ಒಂದೊಂದು ತರಹ ಇದ್ದರೆ ಪ್ಲೇಯರ್ ಅವರನ್ನು ಮೂರು ಜನ ಮಾಡಿ ಕೂರಿಸುತ್ತದೆ.

ಸಿನಿಮಾ ಹಾಡಿಗೆ ಒಂದೇ ಮಾತು. "ಆಲ್ಬಮ್ ಆರ್ಟಿಸ್ಟ್" ಜಾಗದಲ್ಲಿ ಎಲ್ಲ ಹಾಡಿಗೂ ಸಂಗೀತ ನಿರ್ದೇಶಕರ ಹೆಸರನ್ನೇ ಹಾಕಿ. ಇಲ್ಲದಿದ್ದರೆ ಗಾಯಕರು ಬದಲಾದ ಹಾಗೆ ಒಂದೇ ಸಿನಿಮಾ ನಾಲ್ಕೈದು ಆಲ್ಬಮ್ ಆಗಿ ಒಡೆಯುತ್ತದೆ.

ಯಾವುದೇ ಕಂಪನಿ ಹೊರತರದ ಹಾಡುಗಳಿವೆಯಲ್ಲ, ಅವಕ್ಕೆ ಟ್ಯಾಗ್ ಬಿಟ್ಟರೆ ಬೇರೆ ಗತಿಯಿಲ್ಲ. ಮದುವೆ ಮನೆಯ ಸೋಬಾನೆ, ಅಜ್ಜಿ ಹೇಳಿದ ರಾಗಿ ಬೀಸುವ ಪದ, ಊರ ಮೂಡಲಪಾಯದ ಆಟ. "ಅಜ್ಜಿ ಹಾಡು" ಅಂತ ಬರೆದರೆ ನಿಮಗೆ ಗೊತ್ತು, ನಿಮ್ಮ ಮೊಮ್ಮಕ್ಕಳಿಗೆ ಯಾವ ಅಜ್ಜಿ? ಪೂರ್ತಿ ಹೆಸರು, ಊರು, ವರ್ಷ, ರೆಕಾರ್ಡ್ ಮಾಡಿದವರು, ಇಷ್ಟು ಬರೆಯಿರಿ. ಇಂಥವನ್ನು ವೇವ್ ಫೈಲ್ ಆಗಿ ಇಡಬೇಡಿ, ಅದರ ಟ್ಯಾಗನ್ನು ಎಷ್ಟೋ ಪ್ಲೇಯರ್‌ಗಳು ಓದುವುದಿಲ್ಲ. ಫ್ಲಾಕ್ ಅನ್ನುವ ಬಗೆಯ ಫೈಲ್ ಮಾಡಿ. ಧ್ವನಿ ಕಿಂಚಿತ್ತೂ ಕಡಿಮೆಯಾಗದೆ ಸುಮಾರು ಅರ್ಧ ಜಾಗಕ್ಕೆ ಇಳಿಯುತ್ತದೆ. ಅದರಲ್ಲಿ ರಾಗಕ್ಕೆ, ಊರಿಗೆ ಅಂತ ನಮ್ಮದೇ ಜಾಗಗಳನ್ನೂ ಮಾಡಿಕೊಳ್ಳಬಹುದು, ಜಾಗದ ಹೆಸರು ಮಾತ್ರ ಇಂಗ್ಲಿಷ್ ಅಕ್ಷರದಲ್ಲಿರಬೇಕು.

ಕೆಲಸಕ್ಕೆ ನಾನು ಬಳಸುವುದು ಎಂಪಿ3ಟ್ಯಾಗ್ ಅನ್ನುವ, ಟ್ಯಾಗ್ ತಿದ್ದುವ ಸಾಫ್ಟ್‌ವೇರ್. ಒಂದು ಫೋಲ್ಡರ್ ಪೂರ್ತಿ ಆರಿಸಿ ಕಾಮೆಂಟ್, ವೆಬ್‌ಸೈಟಿನ ಹೆಸರು ಒಟ್ಟಿಗೆ ಖಾಲಿ ಮಾಡಬಹುದು. ಫೈಲ್ ಹೆಸರಿನಿಂದ ಟ್ಯಾಗ್ ತುಂಬಿಸಬಹುದು, ಟ್ಯಾಗಿನಿಂದ ಫೈಲ್ ಹೆಸರನ್ನೂ ಮಾಡಬಹುದು. ನಿಮ್ಮ ಫೈಲ್ ಹೆಸರು ಸರಿಯಿದೆ ಅಂದಿರಿ, ಹಾಗಾದರೆ ಅರ್ಧ ಕೆಲಸ ಮುಗಿದ ಹಾಗೇ. ಮ್ಯೂಸಿಕ್‌ಬ್ರೈನ್ಜ್ ಪಿಕಾರ್ಡ್ ಅನ್ನುವ ಇನ್ನೊಂದು ಸಾಫ್ಟ್‌ವೇರ್ ಹಾಡು ಕೇಳಿ ತಾನೇ ಹೆಸರು ಹುಡುಕುತ್ತದೆ, ಆದರೆ ಯಾರಾದರೂ ಮೊದಲೇ ಅದರ ಆನ್‌ಲೈನ್ ಪಟ್ಟಿಗೆ ಸೇರಿಸಿದ ಹಾಡಾಗಿರಬೇಕು. ರೇಡಿಯೋ ಕ್ಯಾಸೆಟ್, ಸೋಬಾನೆಗಳ ಹತ್ತಿರ ಅದನ್ನು ಬಿಡಲೇಬೇಡಿ. ಏನು ಮಾಡುವುದಿದ್ದರೂ ಮೊದಲು ಬೇರೆ ಡಿಸ್ಕಿಗೆ ಒಂದು ಕಾಪಿ ಇಟ್ಟುಕೊಳ್ಳಿ.

ಕೊನೆಗೆ ನಿಮ್ಮ ಕಾರು. ಮನೆಯ ಸಂಗ್ರಹದಲ್ಲಿ ಕನ್ನಡ ಟ್ಯಾಗ್ ಹಾಗೇ ಇರಲಿ. ಪೆನ್‌ಡ್ರೈವಿಗೆ ಹಾಕುವ ಕಾಪಿಯಲ್ಲಿ ಮಾತ್ರ ಇಂಗ್ಲಿಷ್ ಅಕ್ಷರದಲ್ಲಿ ಹೆಸರು ಬರೆಯಿರಿ, ಗೆಳೆಯರು ಹೇಳಿದಂತೆ ಅಲ್ಲಿ ಟ್ಯಾಗ್ ಅಳಿಸಿದರೂ ನಷ್ಟವಿಲ್ಲ. ಸಾಲು ತಪ್ಪುವುದಕ್ಕೆ ಟ್ಯಾಗ್ ಕಾರಣ ಅಲ್ಲದೆಯೂ ಇರಬಹುದು. ಅಗ್ಗದ ಎಷ್ಟೋ ಸ್ಟೀರಿಯೋಗಳು ಕಾಪಿ ಮಾಡಿದ ಕ್ರಮದಲ್ಲೇ ಹಾಡುತ್ತವೆ. ಪೆನ್‌ಡ್ರೈವ್ ಫಾರ್ಮ್ಯಾಟ್ ಮಾಡಿ, ಹೆಸರಿನ ಮುಂದೆ 01, 02 ಹಾಕಿ, ಒಂದು ಫೋಲ್ಡರ್ ಮುಗಿದ ಮೇಲೆ ಇನ್ನೊಂದು ಅಂತ ಸಾಲಾಗಿ ಕಾಪಿ ಮಾಡಿ ನೋಡಿ.